ಅಕ್ಕನ ಕತ್ತಿನ ಲೇಸು

ನಾನು ಹುಟ್ಟು ಪುಕ್ಕಲಿ. ಅಪ್ಪ ಅಂಗಡಿಯಿಂದ ಊಟಕ್ಕೆ ಬರುವುದು ಸ್ವಲ್ಪ ತಡವಾದರೆ ಲಾರಿಗೆ ಸಿಕ್ಕಿರಬೇಕು ಅಂದುಕೊಳ್ಳುತ್ತಿದ್ದೆ. ಬಾಗಿಲಲ್ಲಿ ಅವರ ಕೆಮ್ಮು ಕೇಳಿಸಿತೋ, ಇದು ಕ್ಷಯವೇ ಇರಬೇಕು ಅಂತ ಇನ್ನೊಂದು ಚಿಂತೆ ಶುರು. ‘ಇವಳ ತಲೇಲಿ ಯಾವಾಗ್ಲೂ ಯಾರೋ ಒಬ್ರು ಸಾಯ್ತಾನೇ ಇರ್ತಾರೆ’ ಎಂದು ಅಕ್ಕ ರೇಗಿಸುತ್ತಿದ್ದಳು. ಹಾಗಾಗಿ ಅವಳ ಕತ್ತಿನಲ್ಲಿ ಗಂಟು ಕಾಣಿಸಿಕೊಂಡು ನಾನು ನಿಜಕ್ಕೂ ಹೆದರಿದಾಗ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಗುಬ್ಬಿಯ ಪೇಟೆ ಬೀದಿಯಲ್ಲಿ ಅಪ್ಪನದೊಂದು ಫ್ಯಾನ್ಸಿ ಸ್ಟೋರು. ಬಳೆ, ರಿಬ್ಬನ್ನು, ಗುಂಡಿ, ಸ್ನೋ, ಪೌಡರು, ಗಜದ ಲೆಕ್ಕದಲ್ಲಿ ಅಳೆದು ಕೊಡುವ ಲೇಸು. ನಾನು ತುಮಕೂರಿನಲ್ಲಿ ಬಿ.ಎ. ಓದಲು ದಿನಾ ಪ್ಯಾಸೆಂಜರ್ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಅಕ್ಕ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದಳು, ಗಂಡು ನೋಡುತ್ತಿದ್ದರು. ಗಂಟಲ ಗುಳಿಯ ಮೇಲೆ, ಸ್ವಲ್ಪ ಎಡಕ್ಕೆ, ಮೊದಲು ಕಡಲೆ ಕಾಳಿನಷ್ಟಿದ್ದದ್ದು ಬರುಬರುತ್ತಾ ಬೆಟ್ಟದ ನೆಲ್ಲಿಕಾಯಿಯಷ್ಟಾಯಿತು. ಉಗುಳು ನುಂಗಿದರೆ ಮೇಲಕ್ಕೆ ಹೋಗಿ ಇಳಿಯುತ್ತಿತ್ತು. ಅವಳು ಊಟಕ್ಕೆ ಕೂತರೆ ನನ್ನ ಕಣ್ಣು ತಟ್ಟೆಯ ಮೇಲಿರುತ್ತಿರಲಿಲ್ಲ, ಅವಳ ಗಂಟಲ ಮೇಲಿರುತ್ತಿತ್ತು.

‘ಡಾಕ್ಟ್ರಿಗೆ ತೋರ್ಸಮ್ಮ’ ಎಂದು ನಾನು ಗೋಗರೆದರೆ ಅಮ್ಮನ ಉತ್ತರ ಸಿದ್ಧವಾಗಿರುತ್ತಿತ್ತು.

‘ಮದ್ವೆ ಒಂದ್ ಆಗ್ಲಿ, ಆಮೇಲೆ ತೋರ್ಸಣ. ಈಗ ಕತ್ತು ಕೊಯ್ಸಿ ಗೆರೆ ಬಿದ್ರೆ ಯಾರೇ ಕಟ್ಕೋತಾರೆ ಇವಳ್ನ? ಕತ್ತಲ್ಲಿ ಲಿಂಗ ಇದೆ, ಅದೇ ಕಾಯತ್ತೆ. ನೀನು ಬಾಯಿ ಮುಚ್ಕೊಂಡು ಓದ್ಕೊ.’

ಅಮ್ಮ ಕಲ್ಲೆದೆಯವಳಲ್ಲ. ಅವಳಿಗೆ ನನಗಿಂತ ಹೆಚ್ಚು ಭಯ ಇತ್ತು ಅಂತ ಈಗ ಅನ್ನಿಸುತ್ತದೆ. ಅಕ್ಕನ ತಲೆಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಬೆನ್ನು, ಭುಜ ಎಲ್ಲ ಉಜ್ಜುವಳು. ಕತ್ತಿನ ಮುಂಭಾಗ ಬಂತೆಂದರೆ ಅವಳ ಕೈ ತಾನಾಗಿ ಪಕ್ಕಕ್ಕೆ ಸರಿಯುತ್ತಿತ್ತು. ಅಷ್ಟು ಕಾಲದಲ್ಲಿ ಒಮ್ಮೆಯೂ ಅವಳು ಆ ಗಂಟನ್ನು ಮುಟ್ಟಲಿಲ್ಲ. ಅಪ್ಪನ ಕಥೆ ಹೇಳುವುದೇ ಬೇಡ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಬಾಯಿ ನೋಯುವಷ್ಟು ಮಾತಾಡುತ್ತಿದ್ದ ಮನುಷ್ಯ ಅಮ್ಮನ ಎದುರಿಗೆ ಮೂಗ.

ಕುಣಿಗಲ್ಲಿನಿಂದ ಹೆಣ್ಣು ನೋಡಲು ಬರುತ್ತಾರೆ ಎಂದು ಗೊತ್ತಾದ ದಿನ ಅಮ್ಮ ಅಂಗಡಿಗೇ ಹೋಗಿ, ಬೆಳ್ಳಿ ಎಳೆ ಸೇರಿಸಿದ ಅಗಲವಾದ ನೈಲಾನ್ ಲೇಸು ತಂದಳು. ಬ್ಲೌಸಿಗೆ ಕಾಲರಿನ ಹಾಗೆ ಕೊಟ್ಟು, ಹಿಂದೆ ಕತ್ತಿನ ಹತ್ತಿರ ಹುಕ್ಕು ಹಾಕಿ ಹೊಲಿಸಿದಳು. ಆಗ ಹೈನೆಕ್ ಫ್ಯಾಷನ್ನೂ ಇತ್ತು, ಅದೊಂದು ಅನುಕೂಲ.

‘ಒಂದ್ ಒಗೆತಕ್ಕೆ ಮಿಂಚು ಹೋಗೋ ಮಾಲು ಅದು’ ಎಂದರು ಅಪ್ಪ.

‘ಒಂದ್ ಮಧ್ಯಾಹ್ನ ಮಿಂಚಿದ್ರೆ ಸಾಕು’ ಎಂದಳು ಅಮ್ಮ.

ಅದೇ ವಾರ ಕಾಲೇಜಿನಲ್ಲಿ ನನ್ನ ಗ್ರಹಚಾರಕ್ಕೆ ಒಂದು ಪದ ಬಂತು. ಪಾಠದಲ್ಲಿ ಯಾರದೋ ಉಡುಪನ್ನು ‘ಟಾಡ್ರಿ’ ಅಂತ ಬರೆದಿತ್ತು. ಅಗ್ಗದ ಥಳಕು, ಕಣ್ಣು ಕುಕ್ಕುವ ಹಾಗಿದ್ದು ಒಳಗೆ ಹುರುಳಿಲ್ಲದ್ದು ಎಂದು ಇಂಗ್ಲಿಷ್ ಮೇಡಂ ಅರ್ಥ ಹೇಳಿದರು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಅವರಿಗೆ ಪದಗಳ ಹಿಂದುಮುಂದು ಕೆದಕುವ ಹುಚ್ಚು. ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

ಬಹಳ ಹಿಂದೆ ಇಂಗ್ಲೆಂಡಿನಲ್ಲಿ ಒಬ್ಬ ರಾಣಿ ಇದ್ದಳಂತೆ. ಅರಮನೆ ಬಿಟ್ಟು ಸನ್ಯಾಸಿನಿಯಾದಳು. ಅವಳ ಕತ್ತಿನಲ್ಲಿ ಒಂದು ಗಂಟು ಎದ್ದಿತು. ಚಿಕ್ಕವಳಿದ್ದಾಗ ಕತ್ತಿನ ತುಂಬ ಸರ ಹಾಕಿಕೊಂಡು ಮೆರೆದದ್ದಕ್ಕೆ ಇದು ಶಿಕ್ಷೆ ಎಂದು ಅವಳೇ ಹೇಳಿಕೊಂಡಳು. ವೈದ್ಯ ಗಂಟನ್ನು ಕೊಯ್ದ. ಅವಳು ಉಳಿಯಲಿಲ್ಲ. ಎಷ್ಟೋ ವರ್ಷದ ಮೇಲೆ ಪೆಟ್ಟಿಗೆ ತೆರೆದು ನೋಡಿದರೆ ಕತ್ತಿನ ಗಾಯ ಮಾಯ್ದಿತ್ತಂತೆ. ಜನ ಅವಳನ್ನು ಸಂತಳೆಂದು ಪೂಜಿಸಿದರು, ಅವಳ ದಿನದಂದು ಸಂತೆ ಕಟ್ಟಿದರು. ಆ ಸಂತೆಯಲ್ಲಿ ಕತ್ತಿಗೆ ಕಟ್ಟಿಕೊಳ್ಳುವ ರೇಷ್ಮೆ ಲೇಸಿಗೆ ಬಲು ಬೇಡಿಕೆ. ಮೊದಮೊದಲು ಒಳ್ಳೇ ಲೇಸೇ ಬರುತ್ತಿತ್ತು. ಆಮೇಲೆ ವ್ಯಾಪಾರಿಗಳು ಮಿಂಚುವ ಅಗ್ಗದ ಮಾಲು ತಂದು ಸುರಿದರು. ಇಂಗ್ಲಿಷಿನಲ್ಲಿ ಸಂತರ ಹೆಸರಿನ ಮೊದಲಿಗೆ ಹಚ್ಚುವ ‘ಸೇಂಟ್’ ಇದೆಯಲ್ಲ, ಅದರ ಬಾಲದ ‘ಟ್’ ಅವಳ ಹೆಸರಿಗೆ ಅಂಟಿಕೊಂಡು, ಬಾಯಿಂದ ಬಾಯಿಗೆ ಸವೆದು ‘ಟಾಡ್ರಿ’ ಆಯಿತು. ಮೊದಲು ಲೇಸಿನ ಹೆಸರು, ಕೊನೆಗೆ ಎಲ್ಲ ಕಳಪೆ ಥಳಕಿನ ಹೆಸರು.

ಕ್ಲಾಸು ನಕ್ಕಿತು. ನನಗೆ ಮಾತ್ರ ಅಕ್ಕನ ಕತ್ತು ಕಣ್ಮುಂದೆ ಬಂತು. ನಮ್ಮಲ್ಲಿ ಷೋಕಿ ಅನ್ನುತ್ತೇವೆ, ಡೌಲು ಅನ್ನುತ್ತೇವೆ. ಆ ಮಾತುಗಳಲ್ಲಿ ಯಾರೂ ಸತ್ತಿಲ್ಲ. ಈ ಇಂಗ್ಲಿಷ್ ಪದದ ಬುಡದಲ್ಲಿ ಗಂಟು ಎದ್ದು ಸತ್ತ ಒಬ್ಬ ಹೆಂಗಸು ಮಲಗಿದ್ದಾಳೆ, ಮೇಲೆ ಎಲ್ಲರೂ ಲೇಸಿನ ವ್ಯಾಪಾರ ಮಾಡುತ್ತಿದ್ದಾರೆ! ಕ್ಲಾಸು ಮುಗಿದ ಮೇಲೆ ಮೇಡಂ ಹಿಂದೆಯೇ ಓಡಿದೆ.

‘ಮೇಡಂ, ಅವಳು ಸತ್ತಿದ್ದು ಆ ಗಂಟಿನಿಂದಲೇನಾ?’

‘ಹಾಗಂತಾರಮ್ಮ. ಪರೀಕ್ಷೆಗೆ ಅದೆಲ್ಲ ಕೇಳಲ್ಲ.’

ಸಂಜೆ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಅಕ್ಕನ ಪಕ್ಕ ಕೂತು ಎಲ್ಲವನ್ನೂ ಹೇಳಿಬಿಟ್ಟೆ. ಹೇಳಬಾರದು ಅಂದುಕೊಂಡೇ ಬಂದಿದ್ದೆ, ನನ್ನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಅವಳು ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ.

‘ಗಾಯ ಮಾಯ್ತು ಅಂದ್ಯಲ್ಲ, ಸತ್ ಮೇಲಾ?’

‘ಹೂಂ.’

‘ಆ ಹೆಂಗಸ್ರು ಅವಳ ಹೆಸ್ರಲ್ಲೇ ಕತ್ತಿಗೆ ಲೇಸು ಕಟ್ಕೊಂಡ್ರಾ?’

‘ಹೂಂ.’

ಅವಳು ಸಿಪ್ಪೆ ಒಂದು ಕಡೆ ಗುಡ್ಡೆ ಮಾಡಿದಳು. ‘ಒಳ್ಳೇ ಕಥೆ ಹೇಳ್ದೆ ಹೋಗೇ’ ಎಂದು ಮೊರ ಎತ್ತಿಕೊಂಡು ಒಳಗೆ ಹೋದಳು. ಅವಳು ರೇಗಿಸಲಿಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು.

ಭಾನುವಾರ ಕುಣಿಗಲ್ಲಿನವರು ಬಂದರು. ಹುಡುಗ ಹೈಸ್ಕೂಲು ಮೇಷ್ಟ್ರು, ತಲೆ ಎತ್ತಿ ನೋಡಲೂ ನಾಚುವವನು. ಜೊತೆಗೆ ಅವನ ತಂದೆ, ತಾಯಿ. ತಾಯಿ ಎತ್ತರದ ಆಳು, ಮೆತ್ತಗೆ ಮಾತಾಡುವವರು. ಅಕ್ಕ ಕಾಫಿ ತಂದಾಗ ಅವಳ ಕತ್ತಿನ ಲೇಸು ನಡುಮನೆಯ ಬೆಳಕಿಗೆ ಫಳಫಳ ಹೊಳೆಯುತ್ತಿತ್ತು. ನಾನು ಬಾಗಿಲ ಸಂದಿಯಲ್ಲಿ ನಿಂತು, ಅವಳು ಉಗುಳು ನುಂಗದಿದ್ದರೆ ಸಾಕಪ್ಪ ಅಂತ ಬೇಡಿಕೊಳ್ಳುತ್ತಿದ್ದೆ. ಉಪ್ಪಿಟ್ಟು, ಕೇಸರಿಬಾತು ಆಯಿತು. ಮಾತು ಆಯಿತು. ಇನ್ನೇನು ಏಳುತ್ತಾರೆ ಅನ್ನುವಾಗ ಆ ತಾಯಿ ನಕ್ಕರು.

‘ನಮ್ಗೆ ಒಪ್ಗೆ ಆಗಿದೆ. ಮತ್ತೆ ಯಾವಾಗ್ಲೋ ಬರೋದ್ಯಾಕೆ? ಹೂ ತಂದಿದೀವಿ, ಮುಡ್ಸೇ ಹೋಗ್ತೀವಿ.’

ಅಮ್ಮನ ಮುಖ ಅರಳಿತು. ದೇವರಮನೆಗೆ ಓಡಿ ಅರಿಶಿನ ಕುಂಕುಮದ ಬಟ್ಟಲು ತಂದಳು. ಆಗ ಆಕೆ ಸಹಜವಾಗಿ ಕೇಳಿದರು: ‘ಸ್ವಲ್ಪ ಗಂಧ ತೇಯ್ಸಿ ಕೊಡಿ.’

ನಮಗೆ ಯಾರಿಗೂ ಅದು ಹೊಳೆದೇ ಇರಲಿಲ್ಲ. ಬಂದು ನೋಡಿ ಹೋಗುತ್ತಾರೆ, ಅಷ್ಟು ಹೊತ್ತು ಲೇಸು ಮರೆಮಾಡಿದರೆ ಸಾಕು ಎಂದು ಅಮ್ಮನ ಲೆಕ್ಕಾಚಾರ. ಹೂ ಮುಡಿಸುವುದಾದರೆ ಕೆನ್ನೆಗೆ ಅರಿಶಿನ, ಹಣೆಗೆ ಕುಂಕುಮ, ಕತ್ತಿಗೆ ಗಂಧ. ಜಗತ್ತಿಗೆಲ್ಲ ಗೊತ್ತಿರುವ ಶಾಸ್ತ್ರ. ಅಮ್ಮ ನನ್ನ ಕಡೆ ನೋಡಿದಳು. ಆ ನೋಟ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ.

ಗಂಧ ತೇಯುವ ಕೆಲಸ ನನ್ನ ಪಾಲಿಗೆ ಬಂತು. ಕೊರಡು ಕಲ್ಲಿಗೆ ತಾಗಿತೋ ಇಲ್ಲವೋ ಅನ್ನುವಷ್ಟು ಮೆತ್ತಗೆ ತೇಯ್ದೆ. ನೀರು ಜಾಸ್ತಿ ಹಾಕಿ ಚೆಲ್ಲಿದೆ, ಮತ್ತೆ ಶುರು ಮಾಡಿದೆ. ಕರೆಂಟು ಹೋಗಲಿ, ಅಕ್ಕಪಕ್ಕದಲ್ಲಿ ಯಾರಾದರೂ ಬಿದ್ದು ಕಾಲು ಮುರಿದುಕೊಳ್ಳಲಿ, ಏನಾದರೂ ಆಗಲಿ ಅಂದುಕೊಂಡೆ. ಏನೂ ಆಗಲಿಲ್ಲ. ‘ಆಯ್ತೇನಮ್ಮ?’ ಅಂತ ಆಕೆಯ ದನಿ ಕೇಳಿಸಿತು. ಬಟ್ಟಲು ತೆಗೆದುಕೊಂಡು ಹೋದೆ.

ಅರಿಶಿನ ಆಯಿತು, ಕುಂಕುಮ ಆಯಿತು. ಬೆರಳಿಗೆ ಗಂಧ ತೆಗೆದುಕೊಂಡರು.

‘ಕೈಗೆ ಹಚ್ಬುಡಿ ಸಾಕು’ ಎಂದಳು ಅಮ್ಮ. ‘ಹೊಸ ಬ್ಲೌಸು, ಕರೆ ಆಗತ್ತೆ.’

‘ಕರೆ ಆದ್ರೆ ಒಗ್ಕೊಂಡ್ರಾಯ್ತು. ಎಲ್ಲಿ ಮಗ, ಕಾಲರು ಸ್ವಲ್ಪ ಕೆಳಗ್ ಮಾಡು.’

ಅಮ್ಮ ಇನ್ನೇನೋ ಹೇಳುವುದರಲ್ಲಿದ್ದಳು. ಅಷ್ಟರಲ್ಲಿ ಅಕ್ಕ ಎರಡೂ ಕೈ ಹಿಂದಕ್ಕೆ ತೆಗೆದುಕೊಂಡು ಹೋಗಿ ಹುಕ್ಕು ಬಿಚ್ಚಿದಳು. ಲೇಸು ಎದೆಯ ಮೇಲೆ ಜಾರಿತು. ಅವಳು ಗದ್ದ ಎತ್ತಿದಳು.

ಆಕೆಯ ಬೆರಳು ಗಂಟಿನ ಮೇಲೆ ನಿಂತಿತು. ಹಿಂದಕ್ಕೆ ತೆಗೆಯಲಿಲ್ಲ.

‘ನೋಯತ್ತಾ?’

‘ಇಲ್ಲ’ ಎಂದಳು ಅಕ್ಕ. ‘ನುಂಗೋವಾಗ ಅಡ್ಡ ಸಿಕ್ಕತ್ತೆ.’ ಅದನ್ನು ಅವಳು ನಮಗೂ ಹೇಳಿರಲಿಲ್ಲ.

ಆಕೆ ನಿಧಾನವಾಗಿ ಗಂಧ ಹಚ್ಚಿದರು, ಗಂಟಿನ ಮೇಲೂ ಸುತ್ತಲೂ. ಆಮೇಲೆ ಕೈ ಒರೆಸಿಕೊಂಡು ಅಮ್ಮನ ಕಡೆ ತಿರುಗಿದರು.

‘ಹೂ ಇವತ್ತು ಬೇಡ. ಮೊದ್ಲು ಡಾಕ್ಟ್ರಿಗೆ ತೋರ್ಸಿ. ನೀವು ಮುಚ್ಚಿಟ್ರಿ ಅಂತ ನಂಗೆ ಬೇಜಾರಿದೆ, ಸುಳ್ಳು ಹೇಳಲ್ಲ. ಆದ್ರೆ ಈ ಹುಡ್ಗಿನ ಹಿಂಗೇ ಬಿಡ್ಬೇಡಿ.’

ಹೋದರು. ಕುಣಿಗಲ್ಲಿನಿಂದ ತಂದಿದ್ದ ಮಲ್ಲಿಗೆ ತಟ್ಟೆಯಲ್ಲೇ ಉಳಿಯಿತು. ಅಮ್ಮ ಅಕ್ಕನ ಮೇಲೆ ಹಾರಿಬಿದ್ದಳು. ಮಾನ ತೆಗೆದೆ, ಕೈಗೆ ಬಂದದ್ದನ್ನ ಹಾಳು ಮಾಡ್ಕೊಂಡೆ, ತಂಗಿಗೂ ಗತಿ ಇಲ್ಲದ ಹಾಗೆ ಮಾಡ್ದೆ ಎಂದು ಬಾಯಿಗೆ ಬಂದದ್ದೆಲ್ಲ ಬೈದಳು. ಅಕ್ಕ ಅಳಲಿಲ್ಲ.

‘ಅವಳಿಗೆ ಸತ್ ಮೇಲೆ ಮಾಯ್ತಂತೆ ಕಣಮ್ಮ. ನಂಗೆ ಬದುಕಿರೋವಾಗ್ಲೇ ಮಾಯ್ಲಿ.’

‘ಯಾರ್ಗೇ? ಏನ್ ಬಡ್ಕೋತಿದೀಯ?’

ನಾನು ಕಾಫಿ ಲೋಟಗಳನ್ನು ಒಟ್ಟು ಮಾಡತೊಡಗಿದೆ. ಅಷ್ಟರಲ್ಲಿ ಮೂಗ ಬಾಯಿಬಿಟ್ಟರು. ‘ನಾಳೆ ಅಂಗ್ಡಿ ತೆಗೆಯಲ್ಲ’ ಎಂದರು ಅಪ್ಪ. ‘ತುಮಕೂರಿಗೆ ಹೋಗ್ತಿದೀವಿ.’

ತುಮಕೂರಿನ ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಆಪರೇಷನ್ ಆಯಿತು. ಕೆಟ್ಟ ಗಂಟು, ಇನ್ನೂ ಬಿಟ್ಟಿದ್ದರೆ ಉಸಿರಿಗೇ ಕುತ್ತು ಬರುತ್ತಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಿದಾಗ ಅಮ್ಮ ವರಾಂಡದ ಬೆಂಚಿನ ಮೇಲೆ ಕುಕ್ಕರಿಸಿದಳು. ಊಟ ಬೇಡ ಅಂದಳು, ಮಾತು ಬೇಡ ಅಂದಳು. ನಾನು ವಾರ್ಡಿನ ಬಾಗಿಲಲ್ಲಿ ನಿಂತು ಅಕ್ಕನ ಎದೆ ಏರಿಳಿಯುವುದನ್ನು ನೋಡುತ್ತಿದ್ದೆ.

ಅವಳು ಉಳಿದಳು. ಕತ್ತಿನ ಅಡ್ಡಕ್ಕೆ ಒಂದು ಗೆರೆ, ದನಿ ಸ್ವಲ್ಪ ಒರಟು. ಕುಣಿಗಲ್ಲಿನವರು ಮತ್ತೆ ಬರಲಿಲ್ಲ, ಮೇಷ್ಟ್ರಿಗೆ ಬೇರೆ ಕಡೆ ಮದುವೆ ಆಯಿತು. ಅಕ್ಕ ಅಪ್ಪನ ಜೊತೆ ಅಂಗಡಿಗೆ ಹೋಗತೊಡಗಿದಳು. ಗಿರಾಕಿಗಳು ಕತ್ತನ್ನೇ ನೋಡಿದರೆ ‘ಆಪರೇಷನ್ ಆಗಿದೆ, ನಿಮ್ಗೆ ಎಷ್ಟು ಗಜ ಬೇಕು ಹೇಳಿ’ ಅನ್ನುತ್ತಿದ್ದಳು. ಆ ಬೆಳ್ಳಿ ಲೇಸು ಅಪ್ಪ ಹೇಳಿದ ಹಾಗೇ ಮೊದಲ ಒಗೆತಕ್ಕೆ ಮಂಕಾಗಿ, ಅಂಗಡಿಯ ಗಾಜು ಒರೆಸುವ ಬಟ್ಟೆಯಾಯಿತು.

ಎಂಬತ್ತರ ದಶಕದಲ್ಲಿ ನನ್ನ ಮದುವೆ ತುಮಕೂರಿನ ಒಂದು ಛತ್ರದಲ್ಲಿ ನಡೆಯಿತು. ಹಸೆಯ ಮೇಲೆ ಕೂತು, ಅಡುಗೆ ಸಾಲದೇ ಹೋಗುತ್ತದೆ, ಚಪ್ಪರ ಕುಸಿಯುತ್ತದೆ ಎಂದು ಎಣಿಸುತ್ತಿದ್ದೆ. ಅಮ್ಮ ಗಂಧದ ಬಟ್ಟಲು ಹಿಡಿದು ಹೆಂಗಸರ ಸಾಲಿನಲ್ಲಿ ಒಬ್ಬೊಬ್ಬರಿಗೆ ಹಚ್ಚುತ್ತಾ ಬಂದಳು. ಅಕ್ಕನ ಮುಂದೆ ಬಂದಾಗ ಅಭ್ಯಾಸದಿಂದ ಅವಳ ಬೆರಳು ಅಕ್ಕನ ಕೈ ಕಡೆ ಹೋಯಿತು. ಅಕ್ಕ ಕೈ ಚಾಚಲಿಲ್ಲ. ಗದ್ದ ಎತ್ತಿ ಸುಮ್ಮನೆ ನಿಂತಳು.

ಅಮ್ಮ ಬೆರಳನ್ನು ಮತ್ತೆ ಬಟ್ಟಲಿಗೆ ಅದ್ದಿದಳು. ಆಮೇಲೆ ಆ ಗೆರೆಯ ಉದ್ದಕ್ಕೂ, ಒಂದು ತುದಿಯಿಂದ ಇನ್ನೊಂದು ತುದಿಗೆ, ಗಂಧ ಹಚ್ಚಿದಳು.

‘ನೋಯತ್ತಾ?’

‘ಇಲ್ಲ ಕಣಮ್ಮ’ ಎಂದಳು ಅಕ್ಕ. ‘ತಣ್ಣಗಿದೆ.’