ಮಗ್ಗ ನಿಲ್ಲಿಸಿದ ಒಡಪು

ವಡಗಾವಿಯ ನೇಕಾರರ ಓಣಿಯಲ್ಲಿ ಮಗ್ಗಗಳು ಸುಮ್ಮಸುಮ್ಮನೆ ನಿಲ್ಲುವುದಿಲ್ಲ. ವಿದ್ಯುತ್ತು ಹೋದರೆ ನಿಲ್ಲುತ್ತವೆ. ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ನಿಲ್ಲುತ್ತವೆ. ನಾಲ್ಕು ದಶಕಗಳ ಹಿಂದಿನ ಒಂದು ಮುಂಜಾನೆ ಮಾತ್ರ ಖಾನಾಪುರದಿಂದ ಬಂದ ಒಬ್ಬ ಮದುಮಗಳ ದನಿಗೆ ಅವು ನಿಂತವು.

ಗಂಡನ ಮನೆಯ ಹೊಸ್ತಿಲಲ್ಲಿ ನವವಧುವನ್ನು ತಡೆದು, ಪ್ರಾಸಬದ್ಧವಾದ ಒಡಪಿನೊಳಗೆ ಗಂಡನ ಹೆಸರನ್ನು ಹೇಳಿಸಿ, ಆಮೇಲೆಯೇ ಒಳಗೆ ಬಿಡುವುದು ಈ ಸೀಮೆಯ ರೂಢಿ. ಅಂದು ಬಾಗಿಲಿಗೆ ಅಡ್ಡ ನಿಂತವರು ವರನ ಅಕ್ಕ ಬಸವಣ್ಣೆವ್ವ. ಅಕ್ಕವ್ವ ಎಂಬ ಆ ಮದುಮಗಳು ತವರಿನಲ್ಲಿ ಕಲಿತು ತಂದಿದ್ದ ಒಡಪುಗಳನ್ನು ಒಂದೊಂದಾಗಿ ಹೇಳಿದಳು. "ಇದು ನಮ್ಮವ್ವ ಹೇಳಿದ್ದು, ಹಳೇದ. ಅದು ನಾ ಹೇಳಿದ್ದು, ಅದೂ ಹಳೇದ. ಹೊಸಾದ ಇದ್ರ ತಗಿ," ಎಂದು ಬಸವಣ್ಣೆವ್ವ ಎಲ್ಲವನ್ನೂ ತಳ್ಳಿಹಾಕಿದರು. ಅಕ್ಕಪಕ್ಕದ ಮಗ್ಗಗಳ ಸದ್ದಿನಲ್ಲಿ ಹೇಳಿದ್ದು ಕೇಳಿಸುತ್ತಲೇ ಇಲ್ಲ ಎಂಬುದು ಮತ್ತೊಂದು ತಕರಾರು. ಬಿಸಿಲು ಮಾಳಿಗೆ ಏರುವವರೆಗೂ ನಿಂತ ಹುಡುಗಿ, ಕೊನೆಗೆ ನಿಂತ ನಿಲುವಿನಲ್ಲಿಯೇ ಸ್ವಂತದ್ದೊಂದು ಒಡಪು ಕಟ್ಟಿ, ಎರಡೂ ಕೈಗಳನ್ನು ಸೊಂಟದ ಮೇಲಿಟ್ಟು, ಕೂಗಿ ಹೇಳಿದಳು. ಎಡಮನೆಯ ಮಗ್ಗ ನಿಂತಿತು, ಅನಂತರ ಬಲಮನೆಯದು. ನೇಕಾರರು ಕಿಟಕಿಗೆ ಬಂದರು. ಬಸವಣ್ಣೆವ್ವ ಬಾಗಿಲು ಬಿಟ್ಟರು.

ಆ ಒಡಪು ಯಾವುದೆಂದು ಕೇಳಿದರೆ ಅಕ್ಕವ್ವನವರು ಬಿಟ್ಟುಕೊಡುವುದಿಲ್ಲ. "ಅದು ಹೊಸ್ತಲದಾಗ ಹೇಳೂದು. ಪೇಪರಿನ್ಯಾಗ ಹಾಕೂದಲ್ಲ," ಎನ್ನುತ್ತಾರೆ. ಎನ್ನುತ್ತಾರೆಂದರೆ, ತುಟಿಗಳು ಅಲುಗುತ್ತವೆ, ಅಷ್ಟೆ. ಅಂದು ಮಗ್ಗಗಳನ್ನು ನಿಲ್ಲಿಸಿದ ದನಿ ಇಂದು ಉಸಿರಿಗಿಂತ ತುಸು ಹೆಚ್ಚು. ಆ ಮಾತನ್ನು ನಮಗೆ ಮುಟ್ಟಿಸುವವರು ಅವರ ಪತಿ, ಒಡಪಿನೊಳಗಿನ ಹೆಸರಿನ ಒಡೆಯರು, ಗುರುಪುತ್ರಪ್ಪ.

ಗುರುಪುತ್ರಪ್ಪನವರ ದಿನ ಮಗ್ಗದಿಂದ ಆರಂಭವಾಗುವುದಿಲ್ಲ, ಜಡೆಯಿಂದ ಆರಂಭವಾಗುತ್ತದೆ. ಓಣಿಯಲ್ಲಿ ಹಾಲಿನ ಸೈಕಲ್ಲು ಬರುವ ಮುನ್ನವೇ ಅವರು ಒಲೆ ಹೊತ್ತಿಸಿ, ಹೆಂಡತಿಯ ಮುಖ ತೊಳೆಸಿ, ಹೊರಕೋಣೆಯ ಕುರ್ಚಿಯಲ್ಲಿ ಕೂರಿಸಿ, ಬೆನ್ನ ಹಿಂದೆ ನಿಂತು ತಲೆ ಬಾಚುತ್ತಾರೆ. ಬೆಳ್ಳಗಿನ ಕೂದಲನ್ನು ಮೂರು ಎಳೆ ಮಾಡಿ ಹೆಣೆಯುತ್ತಾರೆ. ಹೆಣಿಗೆ ಪ್ರತಿದಿನವೂ ಎಡಕ್ಕೆ ವಾಲುತ್ತದೆ. ಅಕ್ಕವ್ವನವರು ಜಡೆಯ ತುದಿಯನ್ನು ಮುಂದಕ್ಕೆ ತಂದು ನೋಡಿ ಏನೋ ಅನ್ನುತ್ತಾರೆ. ಗುರುಪುತ್ರಪ್ಪ ಬಾಗಿ ನೋಡಿ ನಗುತ್ತಾರೆ.

"ಏನಂತಾಳ ಗೊತ್ತೇನ್ರಿ? ಜಲ್ಮೆಲ್ಲಾ ಸಾವಿರಾರು ಎಳಿ ಹಾಸಿ ಸೀರಿ ನೇದಾಂವಗ ಮೂರ ಎಳಿ ಸಂಭಾಳಸಾಕ ಆಗವಲ್ಲದು ಅಂತಾಳ. ಖರೇ ಐತಿ ಬಿಡ್ರಿ. ಮಗ್ಗ ಸುಮ್ಮನ ಕುಂದರತೈತಿ. ಈಕಿ ತಲಿ ಕುಂದರಬೇಕಲ್ಲ!"

ಆಮೇಲೆ ಮಗ್ಗ. ಹೊರಕೋಣೆಯಲ್ಲಿ ಎರಡು ವಿದ್ಯುತ್ ಮಗ್ಗಗಳಿವೆ. ಮೊದಲು ಈ ಎರಡಕ್ಕೂ ಬೇಕಾದ ಕಂಡಿಕೆಗಳಿಗೆ ನೂಲು ಸುತ್ತಿ ಲಾಳಿಗೆ ಹಾಕಿ ಕೊಡುತ್ತಿದ್ದವರು ಅಕ್ಕವ್ವ. ಮೂವತ್ತು ವರ್ಷಕ್ಕೂ ಮಿಕ್ಕಿ ಇಬ್ಬರೂ ಇದೇ ಕೋಣೆಯಲ್ಲಿ, ಇದೇ ಗದ್ದಲದಲ್ಲಿ ದುಡಿದಿದ್ದಾರೆ. ಮಗ್ಗಗಳ ನಡುವೆ ಕೂಗಿದ್ದು ಕಿವಿಗೆ ಬೀಳುವುದಿಲ್ಲ. ಆದುದರಿಂದ ನೇಕಾರರ ಮನೆಗಳಲ್ಲಿ ಒಬ್ಬರ ತುಟಿಯನ್ನು ಇನ್ನೊಬ್ಬರು ಓದುತ್ತಾರೆ. ಸಂಸಾರದ ಜಗಳ, ಸರಸ, ನೆಂಟರ ಮೇಲಿನ ದೂರು, ಸಂಜೆಯ ಪಲ್ಯ, ಎಲ್ಲವೂ ಸದ್ದಿಲ್ಲದೆ ಸಾಗುತ್ತವೆ. "ಬೀಗರು ಬಾಜುಕ ಕುಂತಿರತಿದ್ರು. ಅವರ ಮುಂದನ ಅವರನ್ನ ಆಡಿಕೊಂತಿದ್ವಿ. ಅವರಿಗೆ ಏನೂ ತಿಳೀತಿರಲಿಲ್ಲ," ಎಂದು ಗುರುಪುತ್ರಪ್ಪ ಹಳೆಯ ಸುಖವನ್ನು ನೆನೆಯುತ್ತಾರೆ.

ಆರು ವರ್ಷಗಳ ಹಿಂದೆ ಅಕ್ಕವ್ವನವರ ಬಲಗೈ ನಡುಗತೊಡಗಿತು. ಕಂಡಿಕೆ ಲಾಳಿಯೊಳಗೆ ಕೂರದಾಯಿತು. ಬಳಿಕ ಹೆಜ್ಜೆಗಳು ಮೋಟಾದವು, ಮುಖದ ನಗೆ ಬಿಗಿಯಿತು. ಪಾರ್ಕಿನ್ಸನ್ ಎಂದರು ವೈದ್ಯರು. ಗುಳಿಗೆಗಳಿಂದ ನಡುಕ ತಕ್ಕಮಟ್ಟಿಗೆ ತಗ್ಗಿತು. ದನಿ ಮಾತ್ರ ಇಳಿಯುತ್ತಲೇ ಹೋಯಿತು. ಮಗಳು ಪ್ರಮಿಳಾ ಎರಡು ಓಣಿಯಾಚೆ ಇದ್ದು ಮಧ್ಯಾಹ್ನದ ರೊಟ್ಟಿ ತಂದುಕೊಡುತ್ತಾಳೆ. ಆಕೆಗೂ ತಾಯಿಯ ಮಾತು ತಿಳಿಯಬೇಕಾದರೆ ತಂದೆ ಎದುರಿಗಿರಬೇಕು.

ಮಾತಿನ ತರಬೇತಿ ಕೊಡಲು ಪೀರನವಾಡಿಯಿಂದ ವಾರಕ್ಕೊಮ್ಮೆ ಬರುವ ಮಹೇಕ ಎಂಬ ತರುಣಿ, ಕೆಲವು ವಾರ ಪ್ರಯತ್ನಿಸಿ ಫಲ ಕಾಣದಾದಾಗ, ಒಂದು ದಿನ ಪಾಠವನ್ನೇ ಮಾಡಲಿಲ್ಲ. ಗೋಡೆಗೊರಗಿ ಕುಳಿತು ಗಂಡಹೆಂಡಿರನ್ನು ನೋಡಿದಳು. ಅಕ್ಕವ್ವನವರ ತುಟಿ ಅಲುಗುತ್ತಿದ್ದಂತೆ ನೀರು ಬಂತು. ಮತ್ತೆ ಅಲುಗಿತು, ಶಾಲು ಬಂತು. ಮೂರನೆಯ ಸಲ ಅಲುಗಿದಾಗ ಮಹೇಕ ಎದ್ದು ನಿಂತಳು.

"ಅಜ್ಜಾರ, ಅಜ್ಜಿ ದನಿ ಕದಿಯಾಕತ್ತದ್ದು ರೋಗ ಒಂದ ಅಲ್ಲ. ನೀವೂ ಅದಕ್ಕ ಜೋಡಿ ಆಗೀರಿ."

ಗುರುಪುತ್ರಪ್ಪನವರಿಗೆ ಈ ಮಾತು ನಾಟಿತು. "ನಾ ಏನ್ ಮಾಡೇನವ್ವಾ? ತುಟಿ ಅಲಗೂದ್ರಾಗ ಹಾಜರ ಆಗತೀನಿ."

"ಅದ ತಪ್ಪು. ತುಟಿ ಅಲಗಿದ್ರ ಎಲ್ಲಾ ಬರತೈತಿ ಅಂದ್ಮ್ಯಾಲ ದನಿ ಯಾಕ ತಗೀಬೇಕು ಅವರು? ದಿನಾ ಜೋರ ಮಾತಾಡಿದ್ರ ಇದ್ದ ದನಿ ಉಳೀತದ. ಇನ್ನ ಮ್ಯಾಲ ಬೆನ್ನ ತಿರುಗಿಸಿ ಕುಂದರ್ರಿ."

ಮೂವತ್ತು ವರ್ಷ ದಾಂಪತ್ಯವನ್ನು ಕಾದ ವಿದ್ಯೆಯೇ ಈಗ ಕುತ್ತಾಗಿತ್ತು. ಮರುದಿನದಿಂದ ಗುರುಪುತ್ರಪ್ಪ ಹೆಂಡತಿಗೆ ಬೆನ್ನು ಮಾಡಿ ಮಗ್ಗಕ್ಕೆ ಕುಳಿತರು. ಮಾಡಿದ ಕೆಲಸಗಳಲ್ಲೆಲ್ಲ ಇದೇ ಕಠಿಣವಾದುದೆಂದು ಹೇಳುತ್ತಾರೆ. ಎಷ್ಟು ಕಠಿಣವೆಂದರೆ, ಎರಡನೆಯ ದಿನವೇ ಕ್ಷೌರದ ಕನ್ನಡಿಯನ್ನು ಮಗ್ಗದ ಚೌಕಟ್ಟಿಗೆ ತೂಗುಹಾಕಿ, ಅದರೊಳಗೆ ಅಕ್ಕವ್ವನವರ ತುಟಿಯನ್ನು ಕದ್ದು ಓದತೊಡಗಿದರು. ಮಹೇಕ ಬಂದವಳೇ ಕನ್ನಡಿಯನ್ನು ಗೋಡೆಗೆ ಮುಖಮಾಡಿ ತಿರುಗಿಸಿದಳು. ಅಂದು ಅಕ್ಕವ್ವನವರ ಬಾಯಿಂದ ಹೊರಬಿದ್ದ "ಕಳ್ಳ!" ಎಂಬ ಶಬ್ದ ಹಲವು ತಿಂಗಳಲ್ಲಿ ಆ ಮನೆಯಲ್ಲಿ ಕೇಳಿಬಂದ ಮೊದಲ ಸ್ಪಷ್ಟ ಶಬ್ದ.

ಇನ್ನೊಂದು ತೊಡಕು ಉಳಿದಿತ್ತು. ಬೆನ್ನು ತಿರುಗಿಸಿದ ಗಂಡನನ್ನು ಕರೆಯುವುದು ಹೇಗೆ? "ಏನ್ರೀ ಅಂದ್ರ ಓಣ್ಯಾನ ಗಂಡಂದಿರೆಲ್ಲಾ ಹೊಳ್ಳಿ ನೋಡತಾರ. ಹೆಸರ ಹಿಡದ ಕರಿ ಅಂದೆ," ಎನ್ನುತ್ತಾರೆ ಗುರುಪುತ್ರಪ್ಪ. ಗಂಡನ ಹೆಸರನ್ನು ಬರಿದೇ ಕರೆಯುವ ಹೆಂಗಸಲ್ಲ ಅಕ್ಕವ್ವ. ಅವರು ಹೆಸರೆತ್ತುವುದು ಒಡಪಿನೊಳಗೆ ಮಾತ್ರ. ಹೀಗಾಗಿ ಆ ಮನೆಯಲ್ಲಿ ಒಂದು ಬಟ್ಟಲು ಚಹಾ ಬೇಕಾದರೂ ಒಂದು ಒಡಪು ಕಟ್ಟಬೇಕಾಗಿದೆ, ಮತ್ತು ಅದನ್ನು ಮಗ್ಗದ ಸದ್ದಿನ ಮೇಲೆ ಏರಿಸಿ ಹೇಳಬೇಕಾಗಿದೆ.

ನಾವು ಕುಳಿತಿರುವಾಗಲೇ ಒಂದು ಬರುತ್ತದೆ. ಒಂದು ಮಗ್ಗ ನಿಂತಿದೆ, ಇನ್ನೊಂದು ನಡೆಯುತ್ತಿದೆ. ಅಕ್ಕವ್ವನವರು ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಹಿಡಿದು, ಎದೆ ತುಂಬ ಉಸಿರೆಳೆದು, ತಡೆತಡೆದು ಹೇಳುತ್ತಾರೆ:

"ಒಲಿ ಮ್ಯಾಲಿನ ಚಾ ಉಕ್ಕಿ ಒಲಿಗೇ ಆತ,
ಗುರುಪುತ್ರಪ್ಪನ ಕಿವಿ ಯಾವ ಸಂತಿಗೆ ಹೋತ?"

ಗುರುಪುತ್ರಪ್ಪ ಮಗ್ಗ ನಿಲ್ಲಿಸಿ ಎದ್ದು ಬರುತ್ತಾರೆ. "ಗುರುಪುತ್ರಪ್ಪನವರು ಅನ್ನೂದು ಪದ್ಧತಿ. ಸಿಟ್ಟ ಬಂತಂದ್ರ ಆ 'ನವರು' ಉದುರಿ ಬೀಳತೈತಿ," ಎಂದು ನಮಗೆ ದೂರುತ್ತಾರೆ. ದೂರಿನಲ್ಲಿ ಹಿಗ್ಗು ತುಂಬಿದೆ. ಚಹಾ ಕುಡಿಸಿ, ಗುಳಿಗೆ ನುಂಗಿಸಿ, ಬಾಯಿ ಒರೆಸಿ ತಿರುಗುವಷ್ಟರಲ್ಲಿ ಹಿಂದಿನಿಂದ ಇನ್ನೊಂದು:

"ಮುಂಜಾನಿ ಗುಳಗಿ ಕಹಿ, ಸಂಜಿ ಗುಳಗಿ ಸಪ್ಪ,
ಎರಡೂ ನುಂಗಿಸಿ ನಗತಾನ ನೋಡ್ರಿ ಗುರುಪುತ್ರಪ್ಪ."

ಎಲ್ಲ ದಿನಗಳೂ ಹೀಗಿರುವುದಿಲ್ಲ. ಉಸಿರು ಹೆಸರಿನ ಅರ್ಧಕ್ಕೇ ಮುಗಿದು, ಅಕ್ಕವ್ವನವರು ಸೆರಗಿನಿಂದ ಮುಖ ಮುಚ್ಚಿಕೊಂಡು ಕೂರುವ ದಿನಗಳಿವೆ. ಅಂಥ ದಿನ ಗುರುಪುತ್ರಪ್ಪ ಎರಡೂ ಮಗ್ಗ ನಿಲ್ಲಿಸಿ ಎದುರಿಗೆ ಬಂದು ಕೂರುತ್ತಾರೆ; ಮಹೇಕಳಿಗೆ ಹೇಳಬಾರದೆಂಬ ಒಪ್ಪಂದದ ಮೇಲೆ ತುಟಿ ಓದುತ್ತಾರೆ. ಇದನ್ನು ಸೇವೆಯೆಂದು ಕರೆದರೆ ಅವರಿಗೆ ಸರಿಬರುವುದಿಲ್ಲ. "ಸೇವಾ ಅನಬ್ಯಾಡ್ರಿ, ಅಕಿ ಕೇಳಿದ್ರ ಬೈತಾಳ. ಬೈಲಿ, ಬೈಲಿ. ಅಕಿ ನನ್ನ ಬೈದದ್ದು ಆಚೀ ಓಣಿಗೆ ಕೇಳಬೇಕು. ಅಷ್ಟ ಆಸೆ ನಂದು."

ಖಾನಾಪುರದಿಂದ ಕರೆ ಬಂದಾಗ ಈ ಆಸೆಗೆ ಪರೀಕ್ಷೆ ಎದುರಾಯಿತು. ಅಕ್ಕವ್ವನವರ ತಮ್ಮ ಲಕ್ಷ್ಮಪ್ಪನ ಮಗ ಚೇತನನಿಗೆ ಮದುವೆ. ಆ ತವರುಮನೆಗೆ ಯಾವ ಸೊಸೆ ಬಂದರೂ ಬಾಗಿಲಲ್ಲಿ ತಡೆದು, ಮೊದಲ ಒಡಪನ್ನು ತಾವೇ ಹೇಳಿ, ಆಮೇಲೆ ಆಕೆಯಿಂದ ಹೇಳಿಸುತ್ತಿದ್ದವರು ಅಕ್ಕವ್ವ. ಈ ಸಲ ಬರುವುದಿಲ್ಲವೆಂದು ಹಟ ಹಿಡಿದರು. "ಹೊಸ್ತಲದಾಗ ದನಿ ಹೋತಂದ್ರ ಮಂದಿ ಅಯ್ಯೋ ಅಂತಾರ. ಆ ಅಯ್ಯೋ ನನಗ ಬ್ಯಾಡ."

ಗುರುಪುತ್ರಪ್ಪ ಒತ್ತಾಯಿಸಲಿಲ್ಲ. ಹಾಗಾದರೆ ಆಕೆಯ ಬದಲು ಬಾಗಿಲಲ್ಲಿ ತಾವೇ ಒಡಪು ಹೇಳುವುದಾಗಿ ಸಾರಿ, ಗಂಟಲು ಸರಿಮಾಡಿಕೊಂಡು ಅಭ್ಯಾಸಕ್ಕೆ ನಿಂತರು:

"ಲಾಳ್ಯಾಗ ಕಂಡಕಿ, ಕಂಡಕ್ಯಾಗ ನೂಲ,
ಅಕ್ಕವ್ವ ಬರಲಿಲ್ಲಂದ್ರ ಬದನಿಕಾಯಿ ಕಾಲ."

"ಬದನಿಕಾಯಿಗೆ ಕಾಲ ಎಲ್ಲಿಂದ ಬಂದ್ವು?"

"ಪ್ರಾಸಕ್ಕ ಬಂದ್ವು."

ಅಕ್ಕವ್ವನವರು ಕೆಮ್ಮು ಬರುವಷ್ಟು ನಕ್ಕರು. "ನಿಮ್ಮೊಬ್ಬರನ್ನ ಕಳಿಸಿದ್ರ ನಮ್ಮ ತವರಮನಿ ಮಾನ ಹೋಗತೈತಿ. ಬರತೀನಿ ನಡೀರಿ."

ಮದುವೆಯ ಮರುದಿನ ಬೆಳಗ್ಗೆ, ಖಾನಾಪುರದ ಆ ಮನೆಯ ಬಾಗಿಲ ಪಕ್ಕದಲ್ಲಿ ಕುರ್ಚಿ ಹಾಕಿ ಅಕ್ಕವ್ವನವರನ್ನು ಕೂರಿಸಲಾಗಿದೆ. ಜಡೆ ಎಡಕ್ಕೆ ವಾಲಿದೆ. ಅಂಗಳದ ಚಪ್ಪರದಲ್ಲಿ ಸೌಂಡ್ ಬಾಕ್ಸು ಮರಾಠಿ ಹಾಡೊಂದನ್ನು ಒದರುತ್ತಿದೆ. ಹಿಂದವಾಡಿಯ ಹುಡುಗಿ ಸಮೃದ್ಧಿ, ಮದುಮಗಳು, ಅಕ್ಕಿ ತುಂಬಿದ ಸೇರಿನ ಮುಂದೆ ನಿಂತಿದ್ದಾಳೆ. ಹೆಸರು ಹೇಳೆಂದಾಗ "ಚೇತನ" ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಾಳೆ. ಹೆಂಗಸರು ನಗುತ್ತಾರೆ.

"ಹಂಗಲ್ಲವ್ವ, ಒಡಪಿನ್ಯಾಗ ಹೇಳಬೇಕು!"

"ನನಗ ಬರೂದಿಲ್ರೀ. ಯಾರರೆ ಒಂದ ಹೇಳಿ ತೋರಸ್ರಿ."

ಎಲ್ಲರೂ ಕುರ್ಚಿಯ ಕಡೆ ತಿರುಗುತ್ತಾರೆ. ಅಕ್ಕವ್ವನವರು ಕುರ್ಚಿಯ ಕೈ ಹಿಡಿದು, ಉಸಿರೆಳೆದು ಆರಂಭಿಸುತ್ತಾರೆ. ಮೊದಲ ಸಾಲು ಕೇಳಿಸುತ್ತದೆ. ಎರಡನೆಯದು ಹತ್ತಿರದವರಿಗಷ್ಟೇ ಕೇಳಿಸುತ್ತದೆ. ಮೂರನೆಯದಕ್ಕೆ ತುಟಿಗಳು ಮಾತ್ರ ಅಲುಗುತ್ತವೆ. ಹಾಡು ಅದನ್ನು ನುಂಗುತ್ತದೆ. ಹೆಂಗಸರಲ್ಲಿ ಒಬ್ಬರು ಮೆಲ್ಲಗೆ "ಅಯ್ಯ ಪಾಪ" ಎನ್ನುತ್ತಾರೆ. ಅಕ್ಕವ್ವನವರ ಕಣ್ಣು ಆ ಕಡೆ ಹೊರಳಿ, ಕೆಳಗಿಳಿಯುತ್ತದೆ.

ಲಕ್ಷ್ಮಪ್ಪ ಚಪ್ಪರದ ಕಂಬದ ಬಳಿ ನಿಂತ ಗುರುಪುತ್ರಪ್ಪನವರನ್ನು ನೋಡುತ್ತಾರೆ. "ಭಾವಾರ, ನಿಮಗ ತಿಳೀತೈತಲ್ಲ? ಏನಂದ್ಲು, ನೀವ ಹೇಳಿಬಿಡ್ರಿ."

ಗುರುಪುತ್ರಪ್ಪನವರಿಗೆ ತಿಳಿದಿದೆ. ತುಟಿ ಓದುವ ಅಗತ್ಯವೂ ಇಲ್ಲ. ಆ ಸಾಲಿನಲ್ಲಿರುವುದು ಅವರದೇ ಹೆಸರು. ಆದರೆ ಅವರು ನೆರೆದವರೆಲ್ಲರ ಎದುರಿಗೆ, ನಿಧಾನವಾಗಿ, ಹೆಂಡತಿಗೆ ಬೆನ್ನು ತಿರುಗಿಸಿ, ಕೈ ಹಿಂದೆ ಕಟ್ಟಿ, ರಸ್ತೆಯನ್ನು ನೋಡುತ್ತ ನಿಲ್ಲುತ್ತಾರೆ.

ಆ ಬೆನ್ನನ್ನು ನೋಡುತ್ತ ಅಕ್ಕವ್ವನವರ ಬಿಗಿದ ಮುಖ ಮೊದಲು ಕೆರಳುತ್ತದೆ, ಆಮೇಲೆ ಸಡಿಲುತ್ತದೆ.

"ಇಲ್ಲೂ ಹೊಳ್ಳಿ ನಿಂತೀರೇನ್ರೀ!"

ಅಂಗಳದ ತುದಿಯವರೆಗೂ ಕೇಳಿಸುತ್ತದೆ. ಬೆನ್ನು ಅಲುಗುವುದಿಲ್ಲ. ಯಾರೋ ಹೋಗಿ ಸೌಂಡ್ ಬಾಕ್ಸು ಆರಿಸುತ್ತಾರೆ. ಅಕ್ಕವ್ವನವರು ಪಕ್ಕದವರ ಭುಜ ಹಿಡಿದು ಎದ್ದು ನಿಂತು, ನಡುಗುವ ಎರಡೂ ಕೈಗಳನ್ನು ಸೊಂಟದ ಮೇಲಿಡುತ್ತಾರೆ:

"ಖಾನಾಪುರದ ಕೆಮ್ಮಣ್ಣು ತುಳದ ಬಂದೀನಿ,
ವಡಗಾವಿ ಹೊಸ್ತಲದಾಗ ಹೊತ್ತೇರೂ ಮಟಾ ನಿಂತೀನಿ,
ಮಗ್ಗ ನಿಂದರಸ್ರಿ, ಹೆಸರ ಕೇಳ್ರಿ, ಗುರುಪುತ್ರಪ್ಪ,
ಬಾಗಲಾ ಬಿಡ್ರಿ ಇನ್ನ, ಸೋತಾವ ನನ್ನ ಕಾಲಪ್ಪಾ!"

ಹೆಸರು ಬಿದ್ದ ಕೂಡಲೇ ಗುರುಪುತ್ರಪ್ಪ ತಿರುಗಿದ್ದಾರೆ. ನಗೆಯ ನಡುವೆ ದಾರಿ ಮಾಡಿಕೊಂಡು ಬಂದು ಹೆಂಡತಿಯನ್ನು ಕೂರಿಸಿ, ನೀರಿನ ತಂಬಿಗೆಯನ್ನು ತುಟಿಗೆ ಹಿಡಿಯುತ್ತಾರೆ. "ಗುರುಪುತ್ರಪ್ಪನವರು ಅನಲಿಲ್ಲ ಮತ್ತ," ಎಂದು ಕಿವಿಯಲ್ಲಿ ಗೊಣಗುತ್ತಾರೆ. ಹೆಂಗಸರು ಮದುಮಗಳನ್ನು ಮುಂದೆ ತಳ್ಳುತ್ತಾರೆ. ಇನ್ನು ಅವಳ ಸರದಿ. ಸಮೃದ್ಧಿ ಸೇರಿನ ಮುಂದಿನಿಂದ ಹಿಂದೆ ಸರಿದು, ಕುರ್ಚಿಯ ಎದುರಿಗೆ ಬಂದು ಕುಕ್ಕರಗಾಲಿನಲ್ಲಿ ಕೂರುತ್ತಾಳೆ.

"ಅಜ್ಜಿ, ಇನ್ನೊಮ್ಮೆ ಹೇಳ್ರಲ್ಲ. ಮೊದಲಿಂದ."