ನನ್ನನ್ನೂ ಅರೆಸ್ಟ್ ಮಾಡ್ರಪ್ಪ

ಇದನ್ನ ಓದೋರು ದಯಮಾಡಿ ನಾಲ್ಕೇ ಜನ ನಿಂತ್ಕಳಿ. ಐದನೆಯೋನು ಯಾರೋ, ಹಿಂದಕ್ಕೆ ಹೋಗಿ ಕೈಕಾಲು ತೊಳ್ಕೊಂಡು ಬಾ. ನಮ್ಮ ಹಾಸ್ಟೆಲ್ ಗೋಡೆ ಪತ್ರಿಕೆ ಮೇಲೆ ಕಾನೂನಿನ ಕಣ್ಣು ಬೀಳೋದು ಬೇಡ.

ಕಾನೂನು ಯಾವುದು ಅಂತ ನಿಮಗೆ ಗೊತ್ತೇ ಇದೆ. ಯುದ್ಧ ಶುರುವಾದಾಗಿಂದ ಡಿಫೆನ್ಸ್ ರೂಲು ಅಂತ ಒಂದು ಬಂದಿದೆ. ಯಾರನ್ನ ಬೇಕಾದ್ರೂ, ಯಾಕೆ ಅಂತ ಹೇಳ್ದೇನೆ ಒಳಗೆ ಹಾಕಬಹುದು. (ಜರ್ಮನಿಯೋರು ಅಲ್ಲೆಲ್ಲೋ ಬಾಂಬ್ ಹಾಕಿದ್ರೆ ಇಲ್ಲಿ ಮದ್ದೂರಲ್ಲಿ ನಾವು ಬಾಯಿ ಮುಚ್ಕೋಬೇಕಂತೆ.) ಅದರ ಜೊತೆಗೆ ಒನ್ ಫಾರ್ಟಿಫೋರು. ಅಪ್ಪಣೆ ಇಲ್ದೆ ಐದು ಜನ ಸೇರಂಗಿಲ್ಲ, ಜೈಕಾರ ಕೂಗಂಗಿಲ್ಲ. ನಮ್ಮೂರಲ್ಲಿ ತಮಟೆ ಹೊಡೆದು ಇದನ್ನ ಸಾರಿದಾಗ ಕೇಳೋಕೆ ಇಡೀ ಊರೇ ಸೇರಿತ್ತು. ಅವರನ್ನ ಯಾಕೆ ಹಿಡೀಲಿಲ್ಲ? ನನ್ನ ಕೇಳಬೇಡಿ.

ಇರಲಿ. ನನ್ನ ಸಂಕಟಕ್ಕೆ ಬರ್ತೀನಿ. ನನ್ನ ಸಂಕಟದ ಹೆಸರು ಕೆಂಪ.

ಕೆಂಪ ನಮ್ಮೂರೋನೇ. ಇದೇ ಹಾಸ್ಟೆಲ್ಲು, ನನ್ನ ಕ್ಲಾಸು, ನನ್ನ ಬೆಂಚು. ಅವರಪ್ಪ ಸಿದ್ದಣ್ಣ ನಮ್ಮ ಮನೇಲಿ ಗಾಡಿ ಹೊಡೀತಾನೆ. ಹೋದ ತಿಂಗಳು ಈ ಕೆಂಪ ಮದ್ದೂರು ಸಂತೇಲಿ ಒಂದು ಬಾಳೆಗೊನೆ ಗಾಡಿ ಮೇಲೆ ಹತ್ತಿ ಭಾರತ್ ಮಾತಾ ಕೀ ಜೈ ಅಂದ. ಅಷ್ಟೇ ಕಣ್ರೋ. ಒಂದೇ ಸಲ. ಅದೂ ಗಂಟಲು ಕಟ್ಟಿತ್ತಂತೆ. ಪೊಲೀಸ್ನೋರು ಎಳ್ಕೊಂಡು ಹೋಗಿ ಒಂದು ವಾರ ಲಾಕಪ್ಪಲ್ಲಿ ಇಟ್ಕೊಂಡ್ರು.

ಒಳಗೆ ಹೋದೋನು ಕೆಂಪ. ಹೊರಗೆ ಬಂದೋರು ಕೆಂಪಯ್ಯನವರು.

ಆಮೇಲಿಂದ ನಾನು ನೆಮ್ಮದಿಯಾಗಿ ಉಂಡಿಲ್ಲ. ನಮ್ಮ ಅಡಿಗೆ ಮಾದಣ್ಣ ಅವನ ತಟ್ಟೆಗೆ ಇಳಿಸೋ ಮುದ್ದೆ ನೋಡಿದೀರಲ್ಲ, ಶಿವನಸಮುದ್ರದ ಬಂಡೆ ನಾಚ್ಕೋಬೇಕು. ನನಗೆ ಗೋಲಿ. ಊರಿಗೆ ಹೋದ್ರೆ ಹೆತ್ತವ್ವನೇ ಅವನಿಗೆ ತುಪ್ಪ ಹಾಕಿ, ಲಾಕಪ್ಪಲ್ಲಿ ಏನು ತಿಂದ್ಯೋ ಏನೋ ಮಗ ಅಂತ ಕಣ್ಣೊರೆಸಿಕೊಳ್ತಾಳೆ. ನನ್ನ ಕಡೆ ತಿರುಗಿ, ನೀನೂ ಇದೀಯ ತಿನ್ನಕ್ಕೆ ಅಂತಾಳೆ. ಅವನ ಬೆನ್ನ ಮೇಲೆ ಲಾಠಿ ಬರೆ ಬೇರೆ. ಅದನ್ನ ಯಾರಿಗೂ ತೋರ್ಸಲ್ಲ, ಏನು ಗತ್ತು! ನಾನಾಗಿದ್ರೆ ಈ ವರ್ಷ ಪೂರ್ತಿ ಷರಟೇ ಹಾಕ್ತಿರಲಿಲ್ಲ.

ಸರಿ, ನಾನೂ ಅರೆಸ್ಟಾಗಬೇಕು ಅಂತ ತೀರ್ಮಾನ ಮಾಡಿದೆ. ಕಷ್ಟ ಏನಪ್ಪಾ ಅಂದ್ರೆ ಕಾನೂನು ಮುರಿಯೋಕೆ ಐದು ಜನ ಬೇಕು. ನಾನು ಕರೆದ್ರೆ ನಾಯೀನೂ ಬರಲ್ಲ. ಹಾಗಾದ್ರೆ ಕರೀದೆ ಜನ ಸೇರೋ ಜಾಗ ಯಾವುದು?

ಆಲೆಮನೆ! ನಮ್ಮ ಗದ್ದೇಲಿ ಗಾಣ ತಿರುಗ್ತಿತ್ತು. ಬೆಲ್ಲ ಇಳಿಸೋ ಹೊತ್ತಲ್ಲಿ ದಾರೀಲಿ ಹೋಗೋನು ಯಾರೇ ಆಗ್ಲಿ, ಕರೆದು ಕಬ್ಬಿನ ಹಾಲು, ಬಿಸಿ ಬೆಲ್ಲ ಕೊಡಲೇಬೇಕು. ನಮ್ಮಪ್ಪ ಪಟೇಲರು ಇದರಲ್ಲಿ ಬಲು ಕಟ್ಟುನಿಟ್ಟು. ಭಾನುವಾರ ದಫೇದಾರ್ರು ಆ ಕಡೆ ಬೀಟಿಗೆ ಬರೋದೂ ನನಗೆ ಗೊತ್ತಿತ್ತು. ಹೇಗಿದೆ ಬುದ್ಧಿ?

ನಾನು ಅರೆಸ್ಟಾಗೋದನ್ನ ಕೆಂಪ ಕಣ್ಣಾರೆ ನೋಡದಿದ್ರೆ ಏನು ಸುಖ? ಕರೆದೆ. ಅವನು ಒಪ್ಪಲಿಲ್ಲ. ಇನ್ನೊಂದ್ಸಲ ಗುಂಪಲ್ಲಿ ಕಂಡ್ರೆ ಸುಲಭಕ್ಕೆ ಬುಡಾಕಿಲ್ಲ ಅಂತ ಪೊಲೀಸ್ನೋರು ಹೇಳಿ ಕಳಿಸಿದ್ರಂತೆ.

"ಮುಂದಿನ ತಿಂಗ್ಳು ಪರೀಕ್ಸೆ ಕಣ್ಲಾ. ಅದು ತಪ್ಪೋದ್ರೆ ನಾನೂ ಅಪ್ಪನಂಗೆ ಗಾಡಿ ಒಡೀಬೇಕಾಯ್ತದೆ" ಅಂದ.

ಎದ್ರುಕೊಂಡ್ಯೇನ್ಲಾ, ಒಂದು ವಾರಕ್ಕೇ ಸಾಕಾಯ್ತಾ ಅಂತ ನಾನು ನಕ್ಕೆ. ಬಂದ. ಗುಂಪಿಗೆ ಸೇರದಂಗೆ ಒಣ ಸಿಪ್ಪೆ ರಾಶಿ ಪಕ್ಕ ಒಬ್ನೇ ನಿಂತ್ಕೊಂಡ. ಯಾರೋ ಮುತ್ತುಗದ ಎಲೇಲಿ ಬಿಸಿ ಬೆಲ್ಲ ಹಾಕಿಕೊಟ್ರು, ಊದ್ಕೊಂಡು ನಿಂತಿದ್ದ.

ದಫೇದಾರ್ರು ಸೈಕಲ್ ಇಳಿದ್ರು, ಹಿಂದೆ ಒಬ್ಬ ಕಾನ್ಸ್‌ಟೇಬಲ್ಲು. ಮೀಸೆ ಎಷ್ಟು ದೊಡ್ಡದು ಅಂದ್ರೆ ಎರಡೂ ತುದೀಲಿ ಒಂದೊಂದು ಗಿಣಿ ಕೂರಿಸಬಹುದು. ಅವರ ಕೈಗೆ ಹಾಲಿನ ಚೊಂಬು ಬಂತು. ಇದೇ ಸಮಯ ಅಂತ ನಾನು ಕಬ್ಬಿನ ರಾಶಿ ಹತ್ತಿ, ಜೇಬಿಂದ ಖಾದಿ ಟೋಪಿ ತೆಗೆದು ಇಟ್ಕೊಂಡು, ದೂರದ ಆತಗೂರಿಗೂ ಕೇಳೋ ಹಂಗೆ ಭಾರತ್ ಮಾತಾ ಕೀ ಜೈ ಅಂತ ಕೂಗಿದೆ.

ಗಾಣದ ಎತ್ತು ನಿಂತವು. ದಫೇದಾರ್ರು ಚೊಂಬು ಇಳಿಸಲಿಲ್ಲ. ಇನ್ನೊಂದ್ಸಲ ಕೂಗಿದೆ. ಶಿಂಷಾ ಹೊಳೇನೇ ಬತ್ತಿಸೋರ ಥರ ಕುಡೀತಾನೇ ಇದ್ರು. ಕೊನೆಗೆ ಮೀಸೆ ಒರೆಸ್ಕೊಂಡು, "ಪಟೇಲ್ರ ಮಗ ಅಲ್ವಾ? ಇಳಿಯಪ್ಪ, ಕಬ್ಬು ಜಾರ್ತದೆ" ಅಂದ್ರು.

ನಾನು ಕಾನೂನು ಮುರಿದಿದೀನಿ, ಇಲ್ಲಿ ಐದಕ್ಕಿಂತ ಜಾಸ್ತಿ ಜನ ಇದಾರೆ, ಎಣಿಸ್ಕೊಳ್ಳಿ ಅಂದೆ.

"ಆಲೆಮನೇಲಿ ಜನ ಸೇರ್ದೆ ಕಾಗೆ ಸೇರ್ತವಾ?"

ಎಲ್ಲರೂ ನಕ್ರು. ದಫೇದಾರ್ರೂ ನಗ್ತಾ ತಿರುಗಿದ್ರು. ಆಗ ಸಿಪ್ಪೆ ರಾಶಿ ಪಕ್ಕ ನಿಂತಿದ್ದೋನು ಕಂಡ.

"ಲೇ, ನೀನು ಅವನೇ ಅಲ್ವೇನ್ಲಾ? ಇಲ್ಲೂ ಗುಂಪು ಕಟ್ಟಕ್ಕೆ ಬಂದಿದೀಯಾ?"

"ಬೆಲ್ಲ ತಿನ್ನಕ್ ಬಂದೆ ಸ್ವಾಮಿ."

ಕಾನ್ಸ್‌ಟೇಬಲ್ಲು ರಟ್ಟೆ ಹಿಡಿದ. ಬೆಲ್ಲ ಕೆಳಗೆ ಬಿತ್ತು. ಕೂಗಿದ್ದು ನಾನು, ನಾನು ಅಂತ ನಾನು ಬಾಯಿ ಬಡ್ಕೊಂಡೆ. ಸುಮ್ಕಿರಪ್ಪ, ಹುಡುಗಾಟ ಸಾಕು ಅಂದ್ರು. ಕೆಂಪನ ಅಪ್ಪ ಸಿದ್ದಣ್ಣ ಬಾರುಕೋಲು ಕಂಕುಳಲ್ಲಿ ಇರುಕಿ, ಕೈ ಮುಗಿದು ನಮ್ಮಪ್ಪನ ಮುಖ ನೋಡಿದ. ನಮ್ಮಪ್ಪ ಕೊಪ್ಪರಿಗೆ ನೋಡಿದ್ರು. ಪಾಕ ಮುರೀತದೆ ಅಂತ.

ಕೆಂಪ ನನ್ನ ಮುಂದೆ ಹಾದು ಹೋಗ್ತಾ ನಿಂತ. "ಮುಂದಿನ ಸಲ ಕೂಗಕ್ ಬರೋವಾಗ ನಿಮ್ಮಪ್ಪನ್ನ ಎಲ್ಲಾದ್ರೂ ಬುಟ್ಟು ಬಾ ಕಣ್ಲಾ."

ಮಾರನೇ ದಿನ ನಾನೇ ಪೊಲೀಸ್ ಸ್ಟೇಷನ್ನಿಗೆ ಹೋದೆ. ಅಪರಾಧಿ ನಾನು, ಅವನನ್ನ ಬಿಡಿ ಅಂತ ಹೇಳೋಕೆ. ಹೇಳಿದೆ. ಕುರ್ಚಿ ಕೊಟ್ರು. ಅಪ್ಪಾವ್ರು ಚೆನ್ನಾಗಿದಾರಾ ಅಂದ್ರು. ಕಾಫಿ ತರಿಸಿದ್ರು. ಕಂಬಿ ಹಿಂದಿಂದ ಕೆಂಪ ನೋಡ್ತಿದ್ದ, ನಾನು ಕುಡೀತಿದ್ದೆ. ಯಾವ ಸೆಕ್ಷನ್ನು ಅಂತ ಕೇಳಿದ್ರೆ, ಡಿಫೆನ್ಸ್ ರೂಲು, ಕಾರಣ ಹೇಳಬೇಕಾಗಿಲ್ಲ ಅಂದ್ರು. ಎಷ್ಟು ದಿನ? ಅದನ್ನೂ ಹೇಳಬೇಕಾಗಿಲ್ಲ.

ಪರೀಕ್ಷೆ ಹತ್ತಿರ ಬಂತು. ಬೆಂಚಲ್ಲಿ ನನ್ನ ಪಕ್ಕ ಜಾಗ ಖಾಲಿ. ನೀವು ನೋಡಿದ್ರೆ ಅವನ ಟ್ರಂಕಿಗೆ ದಿನಾ ಹೂವು ಇಡ್ತೀರ. ಅವ್ವ ನನ್ನ ಜೊತೆ ಮಾತು ಬಿಟ್ಟವಳೆ. ಕೂಗಿದ್ದು ನಾನು, ಗಂಟಲು ಒಡೆದದ್ದು ನಂದು, ಹೂವು ಅವನಿಗೆ. ಹೊಟ್ಟೆ ಉರಿಯಲ್ವಾ?

ಅಲ್ಲ, ಐದು ಜನ ಸೇರಬಾರದು ಅಂತ ಬರೆದ ಪುಣ್ಯಾತ್ಮರು, ಯಾವ ಐದು ಜನ ಅನ್ನೋದನ್ನೂ ಬರೆದುಬಿಟ್ಟಿದ್ರೆ ಅವರ ಗಂಟೇನು ಹೋಗ್ತಿತ್ತು?