ನಿನ್ನೆಯ ಮೀನು, ಒಂದು ವಾರದ ಫೋನು

ನಮ್ಮವರಿಗೆ ಮೊಬೈಲ್ ಫೋನಿನ ವಿಷಯದಲ್ಲಿ ಇರುವಷ್ಟು ಜ್ಞಾನ ಅಡುಗೆಮನೆಯ ವಿಷಯದಲ್ಲಿ ಇದ್ದಿದ್ದರೆ ನಮ್ಮ ಸಂಸಾರ ಇನ್ನೂ ಸುಖವಾಗಿರುತ್ತಿತ್ತು. ಅವರು ಮುರ್ಡೇಶ್ವರದ ಒಂದು ಹೋಟೆಲಿನ ಕೌಂಟರಿನಲ್ಲಿ ಕೂರುತ್ತಾರೆ. ರೂಮು ಕೇಳಿಕೊಂಡು ಬರುವ ಪ್ರವಾಸಿಗರ ಮುಖ ಅವರಿಗೆ ನೆನಪಿರುವುದಿಲ್ಲ, ಕೈಯಲ್ಲಿದ್ದ ಫೋನು ನೆನಪಿರುತ್ತದೆ. ಮನೆಗೆ ಬಂದ ಮೇಲೆ ಆ ಫೋನಿನ ಗುಣದೋಷ ಹೇಳುವ ವಿಡಿಯೋಗಳನ್ನು, ಪುರಾಣ ಕೇಳುವವರ ಭಕ್ತಿಯಿಂದ, ಊಟ ತಣ್ಣಗಾಗುವವರೆಗೆ ನೋಡುತ್ತಾರೆ.

ಒಂದು ಸಂಜೆ ಅಂಥದ್ದೇ ಒಂದು ಫೋನು ನಮ್ಮ ಮನೆಗೇ ಬಂತು. ಕಂಪನಿಯವರು ಆ ವರ್ಷ ಮಾಡಿದ್ದರಲ್ಲೇ ಎಲ್ಲಕ್ಕಿಂತ ಮೇಲಿನದಂತೆ. ಭಟ್ಕಳ ಪೇಟೆಯಲ್ಲಿ ನಮ್ಮವರ ಶಾಲೆಯ ಗೆಳೆಯನ ಅಂಗಡಿ ಇದೆ. ಪರಿಚಯದವರಿಗೆ ಇಸ್ತ್ರಿಪೆಟ್ಟಿಗೆಯೋ ಗಡಿಯಾರವೋ ವಾರದ ಮಟ್ಟಿಗೆ ಕೊಟ್ಟು, ಬೇಡವಾದರೆ ವಾಪಸ್ ತಗೊಳ್ಳುವುದು ಅವರ ತಂದೆಯ ಕಾಲದ ರೂಢಿ. ಹಾಗೇ ಇದನ್ನೂ ಕೊಟ್ಟು ಕಳಿಸಿದ್ದರು.

"ನಿನ್ನ ವ್ಯಾಪಾರಕ್ಕೆ ಅಂತ್ಲೇ ತಂದದ್ದು" ಎಂದರು ನಮ್ಮವರು.

ಮದುವೆಯಾದಾಗಿನಿಂದ ಕೇಳದೆ ಒಂದು ಕುಪ್ಪಸದ ಬಟ್ಟೆ ತಂದವರಲ್ಲ. "ಎಂತಕ್ಕೆ ಸುಳ್ಳು? ವ್ಯಾಪಾರ ನಂದು, ಆಸೆ ನಿಮ್ದು" ಎಂದೆ. ನಕ್ಕರು. ಆದರೂ ಫೋನನ್ನು ನನ್ನ ಕೈಗೇ ಕೊಟ್ಟರು.

ನನ್ನ ವ್ಯಾಪಾರವೆಂದರೆ ಮೀನು. ಅಮ್ಮ ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದಳು. ನಾನು ಹೊನ್ನಾವರದಲ್ಲಿ ಡಿಗ್ರಿ ಮುಗಿಸಿ, ಕುಮಟಾದ ಒಂದು ಆಫೀಸಿನಲ್ಲಿ ಕೆಲವು ಕಾಲ ಫ್ಯಾನಿನ ಕೆಳಗೆ ಕೂತು, ಬೇಸರ ಬಂದು ಅಮ್ಮನ ಕಸುಬಿಗೇ ಮರಳಿದವಳು. ಬುಟ್ಟಿಯ ಬದಲು ಸ್ಕೂಟರು, ಐಸಿನ ಪೆಟ್ಟಿಗೆ. ಕೂಗುವ ಬದಲು ವಾಟ್ಸಾಪ್ ಗುಂಪು. ಬೆಳಿಗ್ಗೆ ದಡದಲ್ಲಿ ದೋಣಿಯವರಿಂದ ಮೀನು ಕೊಂಡ ಮೇಲೆ ಫೋಟೋ ಹಾಕುತ್ತೇನೆ. ಶಿರಾಲಿ, ಮಾವಳ್ಳಿ, ಭಟ್ಕಳದ ಮನೆಗಳವರು ತಮಗೆ ಬೇಕಾದದ್ದಕ್ಕೆ ಗುರುತು ಹಾಕಿ ಕಳಿಸುತ್ತಾರೆ.

ಅಮ್ಮನಿಂದ ಬಂದ ಕಟ್ಟಳೆ ಒಂದಿದೆ. ಇವತ್ತಿನ ಮೀನು ಒಂದು ರಾಶಿ, ನಿನ್ನೆ ಉಳಿದು ಐಸಿನಲ್ಲಿಟ್ಟದ್ದು ಇನ್ನೊಂದು ರಾಶಿ. ಗಿರಾಕಿ ಕೇಳುವ ಮೊದಲೇ "ಇದು ನಿನ್ನೆದು" ಎಂದುಬಿಡಬೇಕು. ನಿನ್ನೆಯದನ್ನೂ ಜನ ಕೊಳ್ಳುತ್ತಾರೆ, ಹುಳಿ ಜಾಸ್ತಿ ಹಾಕಿ ಸಾರು ಮಾಡಿಕೊಳ್ಳುತ್ತಾರೆ, ಅದರಲ್ಲಿ ನಾಚಿಕೆಯೇನಿಲ್ಲ. ಹೇಳದೆ ಕೊಟ್ಟರೆ ಮಾತ್ರ ಆ ಮನೆಯ ಬಾಗಿಲು ಮುಚ್ಚಿತು ಎಂದೇ ಲೆಕ್ಕ. ಅಮ್ಮ ನನಗೆ ಬಿಟ್ಟುಹೋದ ಆಸ್ತಿಯೆಂದರೆ ಆ ಬಾಗಿಲುಗಳೇ.

ಇನ್ನು ಫೋನಿನ ವಿಚಾರ. ಹೊಗಳಬೇಕಾದದ್ದನ್ನು ಹೊಗಳುತ್ತೇನೆ. ಬೆರಳು ಇಟ್ಟರೆ ತೆರೆಯುತ್ತದೆ ಎಂದಿದ್ದರು, ಮೀನಿನ ಲೋಳೆ ಹತ್ತಿದ ಬೆರಳಿಗೆ ಅದು ಜಪ್ಪಯ್ಯ ಅನ್ನಲಿಲ್ಲ. ಮುಖ ತೋರಿಸಿದರೆ ಮಾತ್ರ, ತಲೆಗೆ ಟವೆಲ್ ಕಟ್ಟಿ ಅರ್ಧ ಮುಖ ಮುಚ್ಚಿಕೊಂಡಿದ್ದರೂ, ನಮ್ಮತ್ತೆಗಿಂತ ಬೇಗ ಗುರುತು ಹಿಡಿಯುತ್ತಿತ್ತು. ಬೆಳಿಗ್ಗೆ ಚಾರ್ಜ್ ಮಾಡಿದರೆ ರಾತ್ರಿಯವರೆಗೂ ದಣಿಯುತ್ತಿರಲಿಲ್ಲ. ದಡದ ಬಿಸಿಲಲ್ಲಿ ನನ್ನ ಹಳೆಯ ಫೋನು ಬರೀ ಕಪ್ಪು ಹಂಚು, ಇದರಲ್ಲಿ ಅಕ್ಷರವೆಲ್ಲ ಸರಿಯಾಗಿ ಕಾಣುತ್ತಿತ್ತು. ಭಾರ ಮಾತ್ರ ವಿಪರೀತ, ಸೊಂಟಕ್ಕೆ ಸಿಕ್ಕಿಸಿದರೆ ಸೀರೆಯೇ ಕೆಳಗೆ ಜಾರುತ್ತಿತ್ತು.

ಒಮ್ಮೆ ಅದು ಐಸು ಕರಗಿದ ನೀರಿನ ಪೆಟ್ಟಿಗೆಗೆ ಬಿತ್ತು. ನಮ್ಮವರು ಪಕ್ಕದಲ್ಲೇ ಇದ್ದರು. ಬಿದ್ದದ್ದು ಫೋನು, ಮುಳುಗಿದ್ದು ಅವರ ಮುಖ. ತೆಗೆದು ನಲ್ಲಿಯ ಕೆಳಗೆ ಹಿಡಿದು ಬಂಗಡೆ ತೊಳೆದಂತೆ ತೊಳೆದೆ. ಏನೂ ಆಗಲಿಲ್ಲ. ಆಗ ಅವರು, ತಾವೇ ಅದನ್ನು ಹೆತ್ತವರಂತೆ, "ನಾ ಹೇಳಿರ್ಲಿಲ್ವಾ?" ಎಂದರು.

ನಿಜವಾದ ಮಜಾ ಇದ್ದದ್ದು ದೂರದ್ದನ್ನು ಹತ್ತಿರಕ್ಕೆಳೆಯುವ ಕ್ಯಾಮೆರಾದಲ್ಲಿ. ಬರುವ ದೋಣಿ ನೀರಿನಲ್ಲಿ ತಗ್ಗಿ ಕೂತಿದ್ದರೆ ಒಳಗೆ ಮೀನಿದೆ, ಹಗುರಾಗಿ ಕುಣಿಯುತ್ತಿದ್ದರೆ ಖಾಲಿ. ದಡದಲ್ಲಿ ಕಾಯುವ ನಮಗೆಲ್ಲ ಇದು ಗೊತ್ತು, ಆದರೆ ದೋಣಿ ಹತ್ತಿರ ಬರುವ ತನಕ ಕಾಣುವುದಿಲ್ಲವಲ್ಲ. ಈ ಫೋನು ಹಿಡಿದರೆ ಎಷ್ಟೋ ಮೊದಲೇ ಕಾಣುತ್ತಿತ್ತು. ಉಳಿದ ಹೆಂಗಸರು ನನ್ನ ಮೊಣಕೈ ಜಗ್ಗುತ್ತ "ಎಂತ ಕಾಣ್ತದೆ? ಹೊಟ್ಟೆ ತುಂಬಿದ್ಯಾ? ಹೇಳೇ ಮಾರಾಯ್ತಿ!" ಎಂದು ಕೂಗುತ್ತಿದ್ದರು. ಆ ವಾರ ದಡದಲ್ಲಿ ನನಗೆ ಜ್ಯೋತಿಷಿಯ ಮರ್ಯಾದೆ.

ವಾರ ಮುಗಿಯುತ್ತ ಬಂದಾಗ ಫೋನು ಇಟ್ಟುಕೊಳ್ಳುವುದೆಂದೇ ಮನಸ್ಸಿನಲ್ಲಿತ್ತು. ಅವತ್ತು ಬೆಳಿಗ್ಗೆ ಇಸ್ವಾಣ ಬಂದಿತ್ತು, ನಮ್ಮಲ್ಲಿ ನೆಂಟರು ಬಂದರೆ ಹುರಿದು ಬಡಿಸುವ ದೊಡ್ಡ ಮೀನು. ಹಿಂದಿನ ದಿನದ್ದೂ ಸಾಕಷ್ಟು ಉಳಿದಿದ್ದವು. ಎರಡು ರಾಶಿ ಮಾಡಿ, ಒಳಗಿನ ಬಣ್ಣ ಕಾಣುವಂತೆ ಕಿವಿರು ಎತ್ತಿ ಹಿಡಿದು ಫೋಟೋ ತೆಗೆದೆ. ತಾಜಾ ಮೀನಿನ ಕಿವಿರು ಕೆಂಪು, ಹಳತಾದಂತೆ ಕಂದು. ನಮ್ಮ ಕಡೆಯವರು ಮುಖ ನೋಡಿ ಮನುಷ್ಯರನ್ನು ನಂಬದಿದ್ದರೂ ಕಿವಿರು ನೋಡಿ ಮೀನನ್ನು ನಂಬುತ್ತಾರೆ. ತಿರುಗಿ ನೋಡದೆ ಗುಂಪಿಗೆ ಹಾಕಿ, "ಎಡಗಡೆದು ಇವತ್ತಿಂದು, ಬಲಗಡೆದು ನಿನ್ನೆದು" ಎಂದು ಎಂದಿನಂತೆ ದನಿ ರೆಕಾರ್ಡ್ ಮಾಡಿ ಕಳಿಸಿದೆ.

ಗುರುತುಗಳು ಬಂದವು. ಎಲ್ಲರಿಗೂ ಬಲಗಡೆಯದೇ ಬೇಕು! ಇದೆಂತ ಇದು, ಊರಿಗೆ ಊರೇ ಇವತ್ತು ಹುಳಿಸಾರು ಮಾಡ್ತದಾ ಎಂದುಕೊಂಡೆ. ಕೇಳಿದ್ದನ್ನೇ ಕೊಡುತ್ತ ಹೋದೆ. ಮನೆಗಳಲ್ಲಿ ಮಕ್ಕಳು ಬಂದು ಚೀಲ ಒಯ್ದರು, ಯಾರೂ ಬಿಚ್ಚಿ ನೋಡಲಿಲ್ಲ.

ಕೊನೆಗೆ ಭಟ್ಕಳದ ಒಂದು ಮನೆ. ಅಮ್ಮನ ಅತಿ ಹಳೆಯ ಗಿರಾಕಿ ಅವರು, ನವಾಯತ ಮುಸಲ್ಮಾನರ ಮನೆಯ ಹಿರಿಯ ಹೆಂಗಸು, ನಾನು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತೇನೆ. ಮಗಳ ಕಡೆಯ ಬೀಗರು ಮಧ್ಯಾಹ್ನ ಊಟಕ್ಕೆ ಬರುವವರಿದ್ದರು. ಖಾಲಾ ಮೀನನ್ನು ತಟ್ಟೆಯಲ್ಲಿಟ್ಟು, ಕಿವಿರು ಎತ್ತಿ ನೋಡಿ, ನನ್ನನ್ನು ನೋಡಿದರು.

"ಇದು ಇವತ್ತಿಂದಾ?"

"ಅಲ್ಲ ಖಾಲಾ, ನಿನ್ನೆದು. ನೀವೇ ಗುರುತು ಹಾಕಿದ್ರಲ್ಲ."

"ಫೋಟೋದಲ್ಲಿ ಇದೇ ಕೆಂಪು ಇತ್ತು. ನಿನ್ನ ಅಮ್ಮ ಇಷ್ಟು ವರ್ಷ ಬಂದಳು ಬೇಟಿ. ಒಂದು ದಿನ ಹೀಗೆ ಮಾಡ್ಲಿಲ್ಲ."

ನನಗೆ ಸಿಟ್ಟು ಬೇಗ. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವರು ಮೆಲ್ಲಗೆ ಹೇಳಿದ್ದರು. ಫೋನು ತೆಗೆದು ಫೋಟೋ ನೋಡಿದೆ. ಹೌದು, ನಿನ್ನೆಯ ಕಂದು ಕಿವಿರನ್ನು ಆ ಮಹಾರಾಯ ದಾಸವಾಳದ ಹಾಗೆ ಕೆಂಪಾಗಿಸಿದ್ದ. ಇವತ್ತಿನದರ ಮೇಲೆ ನೆರಳು ಬಿದ್ದು ಅದೇ ಸಪ್ಪೆಯಾಗಿತ್ತು. ನನ್ನ ದನಿ ಕೇಳುವ ತಾಳ್ಮೆ ಯಾರಿಗಿದೆ? ಎಲ್ಲರೂ ಬಣ್ಣ ನೋಡಿ ಗುರುತು ಹಾಕಿದ್ದರು.

"ಖಾಲಾ, ಫೋನು ಬಣ್ಣ ಹಚ್ಚಿದ್ದು. ನಾನಲ್ಲ."

"ಫೋನ್ ಮೀನಿಗೆ ಬಣ್ಣ ಹಚ್ತದಾ?" ಎಂದರು. ಯಾರು ನಂಬುತ್ತಾರೆ? ನನಗೇ ನಾಚಿಕೆಯಾಯಿತು.

ತಟ್ಟೆಯ ಮೇಲಿದ್ದ ಅವರ ಕೈ ಕಂಡಿತು. ಬೆರಳ ತುದಿಯಲ್ಲಿ ಹಳೆಯ ಮೆಹಂದಿ ಮಾಸಿ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. "ಕೈದೊಂದು ಫೋಟೋ ತೆಗೀಲಾ?" ಎಂದೆ. ಮುಖದ್ದು ಬೇಡ ಎಂಬ ಷರತ್ತಿನ ಮೇಲೆ ಕೈ ಮುಂದೆ ಮಾಡಿದರು. ತೆಗೆದು ತೋರಿಸಿದೆ. ಪರದೆಯಲ್ಲಿ ಮೆಹಂದಿ ಈಗಷ್ಟೇ ತೊಳೆದಂತೆ ಕೆಂಪಗೆ ಹೊಳೆಯುತ್ತಿತ್ತು.

ಖಾಲಾ ಕೈಯನ್ನೊಮ್ಮೆ, ಫೋನನ್ನೊಮ್ಮೆ ನೋಡಿದರು. "ಅರೇ! ಈದಿಗೆ ಹಚ್ಚಿದ್ದು ಇದು" ಎಂದು, ಮೈಯೆಲ್ಲ ಕುಲುಕುವಂತೆ ನಕ್ಕು, ಒಳಗಿದ್ದ ಸೊಸೆಯರನ್ನೆಲ್ಲ ಕರೆದು ತೋರಿಸಿದರು. ಎಲ್ಲರೂ ಬಲಗಡೆಯದನ್ನೇ ಕೇಳಿದ್ದರಿಂದ ಇವತ್ತಿನ ಇಸ್ವಾಣವೆಲ್ಲ ಪೆಟ್ಟಿಗೆಯಲ್ಲೇ ಇತ್ತು. ಅತಿ ದೊಡ್ಡದನ್ನು ತೆಗೆದುಕೊಟ್ಟೆ. ಹೊರಡುವಾಗ ಮಾತ್ರ ಖಾಲಾ ನಗದೆ ಹೇಳಿದರು: "ಫೋನ್ ಝೂಟ್ ಹೇಳ್ತು, ಆತು. ಕಳ್ಸಿದ್ದು ನೀನಲ್ವಾ?"

ಅಲ್ಲಿಂದ ಸೀದಾ ಅಂಗಡಿಗೆ ಹೋದೆ. ಅಂಗಡಿಯವರಿಗೆ ಆಶ್ಚರ್ಯ. ಬ್ಯಾಟರಿ ಸರಿಯಿಲ್ಲವಾ, ಬಿಸಿಯಾಗುತ್ತದಾ ಎಂದು ಕೇಳಿದರು. "ಎಲ್ಲ ಚೆನ್ನಾಗಿದೆ, ಕ್ಯಾಮೆರಾ ಅತಿಯಾಗಿ ಚೆನ್ನಾಗಿದೆ" ಎಂದೆ. ಆ ಬಣ್ಣದ ಕೆಲಸ ನಿಲ್ಲಿಸುವ ಗುಂಡಿಯೊಂದು ಒಳಗೆಲ್ಲೋ ಇದೆ ಎಂದು ಹುಡುಕಿ ತೋರಿಸಿದರು. ಸುಳ್ಳು ಹೇಳಬೇಡ ಎಂದು ದಿನಾ ನೆನಪಿಸಬೇಕಾದ ಆಳು ನನಗೆ ಬೇಡ ಎಂದು ಕೊಟ್ಟು ಬಂದೆ. ಉಳಿದ ಮನೆಗಳಿಗೆಲ್ಲ ಮತ್ತೆ ಹೋಗಿ ವಿಷಯ ಹೇಳಿದೆ, ಬೇಡವೆಂದವರಿಗೆ ಬದಲಿ ಮೀನು ಕೊಟ್ಟೆ. ನಮ್ಮವರು ಎರಡು ದಿನ ಮೌನವ್ರತ ಮಾಡಿದರು, ಮೂರನೆಯ ದಿನ ನೊಗ್ಲಿ ಮೀನು ಹುರಿದಾಗ ಮುರಿದರು.

ಹಳೆಯ ಫೋನು ಮತ್ತೆ ಕೈಗೆ ಬಂತು. ಅದರ ಕ್ಯಾಮೆರಾದ ಗಾಜಿಗೆ ಗೀರು ಬಿದ್ದಿದೆ, ಜೀವ ಇರುವ ಮೀನೂ ಅದರಲ್ಲಿ ಕಾಯಿಲೆ ಬಿದ್ದಂತೆ ಕಾಣುತ್ತದೆ. "ಎಂತ, ಇವತ್ತು ಮೀನಿಗೆ ಜ್ವರವಾ?" ಎಂದು ಗುಂಪಿನಲ್ಲಿ ತಮಾಷೆ ಮಾಡಿದರು. ಮೀನು ಕೈಗೆ ಬಂದಾಗ ಫೋಟೋಗಿಂತ ಚೆನ್ನಾಗಿದೆ ಎಂದು ಖುಷಿಪಟ್ಟರು. ಎಲ್ಲ ಮನೆಗಳೂ ಮೊದಲಿನಂತಾದವು. ಖಾಲಾ ಮನೆಯಿಂದ ಮಾತ್ರ ಗುರುತು ಬರಲಿಲ್ಲ. ದಿನಾ ಬೆಳಿಗ್ಗೆ ಫೋಟೋ ಹಾಕಿ ಆ ಮನೆಯ ಹೆಸರು ಬರುತ್ತದಾ ಎಂದು ನೋಡುತ್ತಿದ್ದೆ. ಅಮ್ಮ ಕಾಪಾಡಿಕೊಂಡು ಬಂದದ್ದನ್ನು ನಾನು ಕಳೆದೆ ಎಂಬ ಸಂಕಟ ಎದೆಯಲ್ಲೇ ಕೂತಿತ್ತು.

ಆಮೇಲೊಂದು ದಿನ ಗಾಳಿ ಜೋರಾಗಿ ದೋಣಿಗಳು ಇಳಿಯಲಿಲ್ಲ. ಪೆಟ್ಟಿಗೆಯಲ್ಲಿ ಹಿಂದಿನ ದಿನದ ಬಂಗಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಅವತ್ತೇ ಖಾಲಾ ಫೋನು ಮಾಡಿದರು.

"ನಾ ಇನ್ನು ಫೋಟೋ ನೋಡುದಿಲ್ಲ ಬೇಟಿ. ನೀನೇ ಬಾಯಲ್ಲಿ ಹೇಳು. ಇವತ್ತಿಂದು ಎಂತ ಉಂಟು?"

ಇಷ್ಟು ದಿನ ಕಾದದ್ದು ಈ ಕರೆಗೆ, ಕೊಡಲು ಇವತ್ತಿನದೇ ಇಲ್ಲ. ಏನಾದರೂ ಹೇಳಿಬಿಡಲೇ ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. "ಇವತ್ತಿಂದು ಎಂತದೂ ಇಲ್ಲ ಖಾಲಾ. ಇರೂದೆಲ್ಲ ನಿನ್ನೆದೇ" ಎಂದೆ.



"ಆತು" ಎಂದರು. "ನಿನ್ನೆದೇ ತಾ."